ಬೂದಿ ಕೋಳಿಯ ಹೊಲಿಗೆ

ರೈಲುಗಳು ನಿಂತ ಮೂರನೆಯ ದಿನ ಅಮೀರುನ್ನೀಸಾಳಿಗೆ ತನ್ನ ಕೋಳಿಯ ಉಸಿರು ಕೇಳಿಸಿತು.

ಎಪ್ಪತ್ತನಾಲ್ಕರ ಮೇ ತಿಂಗಳು. ರೈಲ್ವೆಯವರ ಮುಷ್ಕರ ನಡೆದಿತ್ತು. ವಡಾಲದ ಆ ಚಾಳಿನ ಸಾಲುಮನೆಗಳ ಬೆನ್ನಿಗೇ ಹಳಿಗಳು. ಬೇರೆ ದಿನಗಳಲ್ಲಿ ಲೋಕಲ್ ಹಾಯ್ದಾಗಲೆಲ್ಲ ಗೋಡೆಯ ಗೂಡಿನಲ್ಲಿದ್ದ ತಾಟು ಗಂಗಾಳ ನಡುಗುತ್ತಿದ್ದವು. ಮಾತಾಡುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿ, ಗಾಡಿ ಹೋದಮೇಲೆ ಉಳಿದರ್ಧ ಮುಗಿಸುತ್ತಿದ್ದರು. ಈಗ ಹಳಿಗಳು ಬಿಸಿಲಲ್ಲಿ ಸುಮ್ಮನೆ ಬಿದ್ದುಕೊಂಡಿದ್ದವು. ಬಂದರಿನ ಕಡೆಯ ಉಪ್ಪುಗಾಳಿ ಅವುಗಳ ಮೇಲಿಂದ ನಿಧಾನವಾಗಿ ನಡೆದು ಬರುತ್ತಿತ್ತು. ಇಡೀ ಚಾಳಿಗೆ ಜೊಂಪು ಹತ್ತಿದಂತಿತ್ತು.

ಗಂಡ ಕರೀಮಸಾಬ ಬೈಕುಲ್ಲಾದ ಒಂದು ಕಾರ್ಖಾನೆಯಲ್ಲಿ ವೆಲ್ಡಿಂಗ್ ಕೆಲಸದವನು. ಲೋಕಲ್ ಇಲ್ಲದ್ದಕ್ಕೆ ಬೆಳಕು ಹರಿಯುತ್ತಲೇ ನಡೆದು ಹೊರಟುಬಿಡುತ್ತಿದ್ದ. ಅವನು ಹೋದಮೇಲೆ ಹಿತ್ತಲ ಬಾಗಿಲಲ್ಲಿ ಕೂತು ಅಮೀರುನ್ನೀಸಾ ಕೇಳಿದವರಿಗೆ ಹಳೆಬಟ್ಟೆಯ ಕೌದಿ ಹೊಲಿದುಕೊಡುತ್ತಿದ್ದಳು. ಹಿತ್ತಲೆಂದರೆ ಒಂದು ಒಗೆಯುವ ಕಲ್ಲು, ಒಂದು ತಗಡಿನ ಗೂಡು, ಹಳಿಯ ತನಕ ಹಬ್ಬಿದ ಒಣಹುಲ್ಲು. ಅಷ್ಟೇ. ತಾಳಿಕೋಟಿಯಿಂದ ಮದುವೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಹಗಲೆಲ್ಲ ಅವಳು ಮಾತಾಡುತ್ತಿದ್ದದ್ದು ಆ ಕೋಳಿಯೊಂದಿಗೆ ಮಾತ್ರ.

ಕೋಳಿಯನ್ನು ಅವಳು ಕೊಂಡದ್ದಲ್ಲ. ಹಿಂದಿನ ಮಳೆಗಾಲದಲ್ಲಿ ಒಂದು ದಿನ, ಜಿಟಿಜಿಟಿ ಮಳೆಯಲ್ಲಿ, ಹಳಿಯ ಆಚೆಯಿಂದ ಅದು ತಾನೇ ನಡೆದು ಬಂದಿತ್ತು. ಬೂದಿಬಣ್ಣ, ಕೆಂಪು ಜುಟ್ಟು. ಹೊಸ್ತಿಲ ಮೇಲೆ ನಿಂತು ಮೈ ಕೊಡವಿ, ಯಾರನ್ನೂ ಕೇಳದೆ ಒಳಗೆ ಬಂದು ಒಲೆಯ ಪಕ್ಕ ಕೂತಿತು. ಸುತ್ತಲಿನ ಚಾಳುಗಳಲ್ಲೆಲ್ಲ ವಿಚಾರಿಸಿದರೂ ಯಾರೂ ನಮ್ಮದೆನ್ನಲಿಲ್ಲ. ಬೂದಿ ಎಂದು ಕರೆದಳು. ಅದು ತಿರುಗಿ ನೋಡಿತು.

ಈಗ ಬೂದಿ ಒಗೆಯುವ ಕಲ್ಲಿನ ನೆರಳಲ್ಲಿ ಗರಿ ಉಬ್ಬಿಸಿಕೊಂಡು ಕೂತಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಉಸಿರಾಡುವಾಗ ಗೊರಗೊರ ಸದ್ದು. ಎರಡು ದಿನದಿಂದ ಕಾಳು ಮುಟ್ಟಿರಲಿಲ್ಲ. ರೈಲು ಓಡುತ್ತಿದ್ದರೆ ಆ ಸದ್ದು ಕಿವಿಗೇ ಬೀಳುತ್ತಿರಲಿಲ್ಲವೇನೋ.

ನೆಗಡಿ ಎಂದುಕೊಂಡಳು ಮೊದಲು. ಬೆಳ್ಳುಳ್ಳಿ ಅರೆದು ಅರಿಶಿನದ ಜೊತೆ ಗುಳಿಗೆ ಮಾಡಿ ತಿನ್ನಿಸಿದಳು. ಕೋಳಿ ನುಂಗಿತು, ಕೊರಳು ಚಾಚಿ ಬಾಯಿ ತೆರೆಯಿತು, ಮತ್ತೆ ಕಣ್ಣು ಮುಚ್ಚಿತು. ಮೂಗಿನಲ್ಲಿ ನೀರಿಲ್ಲ, ಕಾಲು ಸೋತಿಲ್ಲ, ಜುಟ್ಟಿನ ಬಣ್ಣ ಮಾತ್ರ ಮಾಸಿತ್ತು. ಆಗ ತಾಳಿಕೋಟಿಯ ಅಜ್ಜಿ ಅಕ್ಬರಬಿಯ ಕೈ ನೆನಪಾಯಿತು. ಅಜ್ಜಿ ದಿನಾ ಮುಂಜಾನೆ ಗೂಡು ತೆರೆಯುವಾಗ ಒಂದೊಂದೇ ಕೋಳಿಯ ಕೊರಳ ಬುಡವನ್ನು ಒತ್ತಿ ನೋಡಿ ಹೊರಗೆ ಬಿಡುತ್ತಿದ್ದಳು. ಅಲ್ಲೊಂದು ಕಾಳಿನ ಚೀಲ ಇರುತ್ತದೆ. ಸಂಜೆಗೆ ತುಂಬಿರಬೇಕು, ಮುಂಜಾನೆಗೆ ಬರಿದಾಗಿರಬೇಕು.

ಅಮೀರುನ್ನೀಸಾ ಬೂದಿಯನ್ನು ತೊಡೆಯ ಮೇಲೆ ತೆಗೆದುಕೊಂಡು ಗರಿಗಳ ಕೆಳಗೆ ಬೆರಳು ತೂರಿಸಿದಳು. ಏನೂ ತಿನ್ನದ ಕೋಳಿಯ ಚೀಲ ನಿಂಬೆಕಾಯಿಗಿಂತ ದಪ್ಪಗೆ, ಗಟ್ಟಿಯಾಗಿ ಕೂತಿತ್ತು.

ಅಂದು ಹಗಲೆಲ್ಲ ಶೇಂಗಾ ಎಣ್ಣೆ ಹನಿಹನಿಯಾಗಿ ಕುಡಿಸಿ, ಆ ಗಡ್ಡೆಯನ್ನು ಮೆಲ್ಲಗೆ ತೀಡಿದಳು. ತೀಡುತ್ತ ತೀಡುತ್ತ ಅವಳಿಗೇ ಮಂಪರು ಕವಿಯಿತು. ಹಳಿಗಳು ನೀರಾಗಿ ಹರಿದಂತೆ, ತಾನು ಆ ನೀರಿನ ದಂಡೆಯಲ್ಲಿ ಅಜ್ಜಿಯ ಕೋಳಿಗಳನ್ನೆಲ್ಲ ಎಣಿಸುತ್ತ ಕೂತಂತೆ ಕಂಡಿತು. ಎಷ್ಟು ಎಣಿಸಿದರೂ ಒಂದು ಕಡಿಮೆ. ಎಚ್ಚೆತ್ತಾಗ ಬೂದಿ ತೊಡೆಯ ಮೇಲೇ ಇತ್ತು, ಗಡ್ಡೆಯೂ ಇದ್ದಲ್ಲೇ ಇತ್ತು.

ಮರುದಿನ ಮುಂಜಾನೆ ಕರೀಮಸಾಬ ಕೋಳಿಯನ್ನು ಎತ್ತಿ ನೋಡಿದ. ಅವನು ಕೆಟ್ಟವನಲ್ಲ.

"ಹಗುರಾಗೇತಿ, ಅಮೀರಾ. ಇದು ಉಳಿಯಂಗಿಲ್ಲ. ಸುಮ್ಮನ ನರಳೂದು ಬ್ಯಾಡ. ಸಂಜೀಕ ಬಂದು ಹಲಾಲ್ ಮಾಡ್ತೀನಿ."

"ಸಂಜೀತನಕ ಬಿಡ್ರಿ," ಎಂದಳು ಅವಳು.

ಅವನು ಹೋದಮೇಲೆ ಹೊಸ್ತಿಲಲ್ಲಿ ಕೂತು ಅತ್ತಳು. ರೈಲಿನ ಸದ್ದಿಲ್ಲದ್ದರಿಂದ ಆ ಅಳುವೂ ಗೋಡೆ ದಾಟಿತು. ಪಕ್ಕದ ಖೋಲಿಯ ಕಾಶವ್ವ ಹಿತ್ತಲಿಗೆ ಬಂದು ನಿಂತಳು. ಧಾರವಾಡ ಕಡೆಯ ಲಿಂಗಾಯತರ ಹೆಂಗಸು, ಐವತ್ತರ ಹತ್ತಿರ. ಹಣೆಯಲ್ಲಿ ಸದಾ ವಿಭೂತಿ. ತನ್ನ ತುಳಸಿಯ ಬುಡವನ್ನು ಬೂದಿ ಕೆದರಿತೆಂದು ದೀಪಾವಳಿಯಿಂದ ಇವಳ ಜೊತೆ ಮಾತು ಬಿಟ್ಟಿದ್ದಳು.

"ಯಾಕವಾ? ಊರಿಂದ ಕೆಟ್ಟ ಸುದ್ದೀದು ತಂತಿ ಬಂತೇನು?"

"ಇಲ್ಲರಿ ಅಕ್ಕಾರ. ಕೋಳಿ..."

ಕಾಶವ್ವ ಬಗ್ಗಿ ನೋಡಿದಳು. ಮುಟ್ಟಲಿಲ್ಲ. ಎಲ್ಲವನ್ನೂ ಕೇಳಿಕೊಂಡು ಹೇಳಿದಳು: "ನಮ್ಮ ಅಪ್ಪ ದನದ ಔಷಧ ಮಾಡ್ತಿದ್ದ. ಎತ್ತಿನ ಹೊಟ್ಟಿ ಹರದ್ರ ಹೊಲೀತಿದ್ದ. ನಾ ದೀಪ ಹಿಡೀತಿದ್ದೆ. ಒಳಗಿಂದು ಬ್ಯಾರೆ, ಹೊರಗಿಂದು ಬ್ಯಾರೆ ಹೊಲೀಬೇಕು, ಎರಡೂ ಕೂಡಿಸಿ ಹೊಲದ್ರ ಕೀವಾಗತೈತಿ ಅಂತಿದ್ದ. ನಿನಗ ಸೂಜಿ ಹಿಡ್ಯಾಕ ಬರತೈತಲ್ಲ?"

ಅಮೀರುನ್ನೀಸಾ ಬೂದಿಯನ್ನು ಎದೆಗೆ ಅವುಚಿಕೊಂಡಳು.

"ಹೆಂಗಿದ್ರೂ ಸಂಜೀಕ ಸಾಯೂದೈತಿ," ಎಂದಳು ಕಾಶವ್ವ. "ನೀರು ಕುದಿಯಾಕಿಡು."

ಬೇವಿನೆಲೆ, ಉಪ್ಪು ಹಾಕಿ ನೀರು ಕುದಿಸಿದರು. ಹೊಸ ಬ್ಲೇಡು, ಸಣ್ಣ ಸೂಜಿ, ಬಿಳಿ ದಾರ ಅದರಲ್ಲೇ ಕುದಿದವು. ಬೂದಿಯನ್ನು ಹಳೆಯ ಲುಂಗಿಯಲ್ಲಿ ಸುತ್ತಿ ಒಗೆಯುವ ಕಲ್ಲಿನ ಮೇಲೆ ಮಲಗಿಸಿದರು. ಹಿಡಿಯುವವರು ಬೇಕಿತ್ತು. ಕಾಶವ್ವ ಒಂದು ಗಳಿಗೆ ಕಣ್ಣುಮುಚ್ಚಿ, ಕೊರಳಲ್ಲಿದ್ದ ಲಿಂಗವನ್ನು ಸೆರಗಿನೊಳಗೆ ಸೇರಿಸಿ, ಎರಡೂ ಕೈಯಿಂದ ಕೋಳಿಯನ್ನು ಹಿಡಿದಳು.

"ಅಯ್ಯ, ಇದರ ಎದಿ ಎಷ್ಟು ಬಡಕೊಳ್ಳಾಕತ್ತೈತಿ," ಎಂದಳು ಸಣ್ಣ ದನಿಯಲ್ಲಿ.

ಗರಿ ಕಿತ್ತು, ತೊಳೆದು, ಅಮೀರುನ್ನೀಸಾ ಬ್ಲೇಡು ಇಟ್ಟಳು. ಹೊರಚರ್ಮ, ಅದರಡಿಯಲ್ಲಿ ತೆಳ್ಳಗಿನ ಚೀಲ. ರಕ್ತ ಹೆಚ್ಚು ಬರಲಿಲ್ಲ. ಹುಳಿ ವಾಸನೆ ಬಂತು. ಬೆರಳಿಗೆ ಒಣಹುಲ್ಲಿನ ತುದಿ ಸಿಕ್ಕಿತು, ಎಳೆದಳು. ಹುಲ್ಲಿನ ಹಿಂದೆ ದಾರ ಬಂತು.

ಕೆಂಪು ದಾರ. ಅದಕ್ಕೆ ಸುತ್ತಿಕೊಂಡ ಹಸಿರು, ಹಸಿರಿಗೆ ಹಳದಿ. ಹೊಲಿಯುವಾಗ ಹಲ್ಲಿನಿಂದ ಕಚ್ಚಿ ನೆಲಕ್ಕೆ ಬಿಟ್ಟ ತುಂಡುಗಳು. ಹಸಿರು ವಿಲೆ ಪಾರ್ಲೆಯ ಬಾಣಂತಿಗೆ ಹೊಲಿದ ಕೌದಿಯದು. ಹಳದಿ ರಂಜಾನಿಗೆ ಮುಂಚಿನದು. ಒಂದು ಕಪ್ಪೆಳೆ ಯಾವುದರದೆಂದು ಹೊಳೆಯಲೇ ಇಲ್ಲ. ನಿಧಾನಕ್ಕೆ ಎಳೆದಷ್ಟೂ ಬರುತ್ತಲೇ ಇತ್ತು, ತಾನು ಒಬ್ಬಳೇ ಕೂತು ಕಳೆದ ಮಧ್ಯಾಹ್ನಗಳೆಲ್ಲ ಆ ಪುಟ್ಟ ಕೊರಳಿಂದ ಒಂದೊಂದಾಗಿ ಬಿಚ್ಚಿ ಬರುತ್ತಿದ್ದವು. ಬಿಸಿಲು ಬಿಳಿಯಾಗಿ ನಿಂತಿತ್ತು. ಕಾಗೆಯೂ ಕೂಗಲಿಲ್ಲ.

"ನಾನೇ ತಿನ್ನಿಸೀನಿ, ಅಕ್ಕಾರ," ಎಂದಳು.

"ಅದು ತಿಂತು, ನೀ ತಿನ್ನಿಸಿಲ್ಲ. ಹೊಲಿ ಈಗ."

ಒಳಚೀಲವನ್ನು ತೊಳೆದು ಐದು ಹೊಲಿಗೆ, ಹೊರಚರ್ಮಕ್ಕೆ ಆರು. ಕೌದಿಗೂ ಅಷ್ಟು ಸಣ್ಣ ಹೊಲಿಗೆ ಅವಳು ಹಾಕಿರಲಿಲ್ಲ. ಮೇಲೆ ಅರಿಶಿನ ಒತ್ತಿದಳು. ಕಾಶವ್ವ ಕೈ ಬಿಟ್ಟಾಗ ಬೂದಿ ಎದ್ದು ನಿಲ್ಲಲಿಲ್ಲ, ಆದರೆ ಕಣ್ಣು ಪೂರ್ತಿ ತೆರೆಯಿತು. ಕಾಶವ್ವ ಸೀದಾ ನಳದ ಕಡೆ ನಡೆದು ಸೀರೆಯುಟ್ಟೇ ತಲೆಯ ಮೇಲೆ ನೀರು ಸುರಿದುಕೊಂಡಳು.

ಸಂಜೆ ಕರೀಮಸಾಬ ಧೂಳುಗಾಲಲ್ಲಿ ಬಂದ. ಬೂದಿಯನ್ನು ಮಲಗಿಸಿದ್ದ ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೊಲಿಗೆಯ ಸಾಲನ್ನು ಬಹಳ ಹೊತ್ತು ನೋಡಿದ. ಜೋಡಿಸುವ ಕೆಲಸ ಬಲ್ಲವನು ಅವನು. "ಸೀದಾ ಬಂದೈತಿ," ಎಂದಷ್ಟೇ ಹೇಳಿ, ಮುಖ ತೊಳೆಯಲು ಎದ್ದ. ಚಾಕುವಿನ ಮಾತು ಎತ್ತಲಿಲ್ಲ.

ಮರುದಿನ ನೀರು, ಬೆಲ್ಲದ ನೀರು. ಮೂರನೆಯ ದಿನ ತಿಳಿ ಗಂಜಿ. ನಾಲ್ಕನೆಯ ದಿನ ಗಾಯದ ಅಂಚು ಕೆಂಪಾಯಿತು. ಅಮೀರುನ್ನೀಸಾ ಬೇವಿನ ನೀರಿನಲ್ಲಿ ಮೂರು ಹೊತ್ತು ತೊಳೆದಳು. ಕಾಶವ್ವ ದಿನಾ ಬಂದು, ದೂರದಲ್ಲೇ ನಿಂತು, "ಹಿಕ್ಕಿ ಹಾಕ್ತೇನು?" ಎಂದು ಕೇಳುತ್ತಿದ್ದಳು. ಆರನೆಯ ದಿನ ಹಾಕಿತು. ಇಬ್ಬರೂ ಮದುವೆಯ ಸುದ್ದಿ ಕೇಳಿದವರ ಹಾಗೆ ನಕ್ಕರು. ಹತ್ತನೆಯ ದಿನ ಹೊರಗಿನ ಹೊಲಿಗೆ ಬಿಚ್ಚಿದಾಗ ಬೂದಿ ಕೊಕ್ಕಿನಿಂದ ಅವಳ ಬಳೆಯನ್ನು ಕುಟುಕಿ, ಕೆಳಗಿಳಿದು, ಮಣ್ಣಿನಲ್ಲಿ ಹೊರಳಿತು. ಅಂದಿನಿಂದ ಅವಳು ದಾರದ ತುಂಡುಗಳನ್ನು ಒಂದು ಡಬ್ಬಿಗೆ ಹಾಕಿಡತೊಡಗಿದಳು.

ಮೊಟ್ಟೆಯಿಡಲು ಮತ್ತೆ ತಿಂಗಳೇ ಹಿಡಿಯಿತು. ಮಳೆ ಹಿಡಿದ ಒಂದು ಮುಂಜಾನೆ ಗೂಡಿನ ಹುಲ್ಲಿನಲ್ಲಿ ಒಂದು ಸಣ್ಣ ಮೊಟ್ಟೆ ಇತ್ತು. ಕಾಶವ್ವ ಮೊಟ್ಟೆ ತಿನ್ನುವವಳಲ್ಲ ಎಂದು ಗೊತ್ತಿದ್ದೂ ಅಮೀರುನ್ನೀಸಾ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಅವಳ ಬಾಗಿಲಿಗೆ ಹೋದಳು. ಕಾಶವ್ವ ಹಿಂದೆಮುಂದೆ ನೋಡಿ, ಅಂಗೈ ಚಾಚಿದಳು. ಮೊಟ್ಟೆ ಅದರ ಮೇಲೆ ಕೂತಿತು.

"ಇನ್ನೂ ಬೆಚ್ಚಗೈತಲ್ಲವಾ," ಎಂದಳು. ಅದನ್ನು ಹಿಂದಕ್ಕೆ ಕೊಡಲು ಅವಳಿಗೆ ಅವಸರವಿರಲಿಲ್ಲ.