ಬರಹದ ಕೆಳಗಿನ ರಂಧ್ರ

ಕಲ್ಲು ಸಿಡಿಸುವ ಮದ್ದಿನ ವಾಸನೆ ನನಗೆ ಚಿಕ್ಕಂದಿನಿಂದ ಗೊತ್ತು. ಕ್ವಾರಿಯಿಂದ ಬಂದ ಅಪ್ಪ ನನ್ನನ್ನು ಎತ್ತಿಕೊಂಡಾಗ ಅವನ ಅಂಗಿಯಲ್ಲಿ ಅದಿರುತ್ತಿತ್ತು. ಮೊನ್ನೆ ಬೆಳಿಗ್ಗೆ ಅದೇ ವಾಸನೆ ನಮ್ಮ ವಿಹಾರದ ಗುಹೆಯಲ್ಲಿ ಬಂತು.

ಗುಹೆಯ ಹಣೆಯ ಮೇಲೆ ಎರಡು ಸಾವಿರ ವರ್ಷ ಹಳೆಯ ಒಂದೇ ಸಾಲಿನ ಬರಹ ಇದೆ. ಯಾರೋ ಗೃಹಿಣಿ ಈ ಗುಹೆಯನ್ನು ನಾಲ್ಕು ದಿಕ್ಕಿನ ಭಿಕ್ಷು ಸಂಘಕ್ಕೆ ಕೊಟ್ಟಿದ್ದಾಳೆ, ಅಷ್ಟೇ. ಪಕ್ಕದಲ್ಲೊಂದು ಮೀನಿನ ಗುರುತು. ಅದು ನಿಧಿಯ ಗುರುತೆಂದು ನಂಬುವವರು ಪುರಾತತ್ವ ಇಲಾಖೆಯ ಫಲಕವನ್ನು ಓದುವುದಿಲ್ಲ. ಅಕ್ಷರಗಳ ಕೆಳಗೆ ಹೊಸದಾಗಿ ಕೊರೆದ ರಂಧ್ರ. ಅದರ ನೇರಕ್ಕೆ ನೆಲದ ಮೇಲೆ ವೀಳ್ಯದೆಲೆ, ಕೊಯ್ದ ನಿಂಬೆಹಣ್ಣು.

"ಪೊಲೀಸರು ನಾಳೆ ಸಂಜೆ ಬರ್ತಾರಂತೆ. ಅಲ್ಲೀವರೆಗೂ ಇಲ್ಲೇ ಕೂತಿರ್ತೀನಿ, ಟೀಚರಮ್ಮ," ಎಂದರು ನಮ್ಮ ಮುದಿ ಭಿಕ್ಷು, ವಜಿರ ಹಾಮುದುರು. "ಎಚ್ಚರವಾಗಿರೋನ ತಲೆ ಮೇಲೆ ಯಾರೂ ಬಂಡೆ ಸಿಡಿಸಲ್ಲ."

"ನಿದ್ದೆ ಬಂದ್ರೆ?"

"ಎತ್ತಿ ಹೊರಗಿಡ್ತಾರೆ. ನಾನೇನು ಭಾರವೇ?" ನಕ್ಕರು.

ಅಂದು ಸಂಜೆ ಕ್ವಾರಿಯ ಜಿನದಾಸ ನಮ್ಮ ಗೇಟಿಗೆ ಬಂದ. ಭಿಕ್ಷುವಿಗೆ ಊಟ ಕೊಡುವ ಸರದಿ ಮರುದಿನ ನನ್ನದಿತ್ತು.

"ನಾಳೆ ದಾನ ನಮಗೆ ಬಿಟ್ಕೊಡಿ ಟೀಚರಮ್ಮ. ಅಮ್ಮನ ತಿಥಿ. ನಿಮ್ಮ ಉಪ್ಪಿಲ್ಲದ ಪಲ್ಯ ತಿಂದು ಹಾಮುದುರು ಬೇಗ ನಿರ್ವಾಣಕ್ಕೆ ಹೋಗ್ಬಿಟ್ಟಾರು!"

ಅವನ ತಾಯಿ ಸತ್ತದ್ದು ಬುದ್ಧ ಹುಣ್ಣಿಮೆ ಬರುವ ವೆಸಾಕ್ ತಿಂಗಳಲ್ಲಿ. ಇದು ಆ ತಿಂಗಳಲ್ಲ. ಆದರೂ ಪುಣ್ಯ ಕೇಳಿದವರಿಗೆ ಇಲ್ಲವೆನ್ನುವ ರೂಢಿ ನಮ್ಮಲ್ಲಿಲ್ಲ. ಹೂಂ ಎಂದೆ. ಆಮೇಲೆ ನಿದ್ದೆ ಬರಲಿಲ್ಲ.

ಮರುದಿನ ಹೂ ಹಿಡಿದು ಮುಂಚೆಯೇ ಹೋಗಿ ಕುಳಿತೆ. ಬೆಟ್ಟದ ಬುಡದಲ್ಲಿ ಪರವೂರಿನ ವ್ಯಾನ್ ನಿಂತಿತ್ತು. ಜಿನದಾಸ ಅಡುಗೆಯ ಪಾತ್ರೆ ಹೊತ್ತು ಬಂದ. ಹಿಂದೆ ಅವನ ಹೆಂಡತಿ ಸೀಲವತಿ, ಮುಖ ಬಿಳಿಚಿಕೊಂಡಿತ್ತು. ಹಾಮುದುರು ಭಿಕ್ಷಾಪಾತ್ರೆ ಮುಂದಿಟ್ಟರು. ಕೊಟ್ಟದ್ದನ್ನು ಬೇಡವೆನ್ನುವವರಲ್ಲ ಅವರು.

ಬಡಿಸಲು ಬಗ್ಗಿದ ಸೀಲವತಿಯ ಕೈಯಿಂದ ಅಡುಗೆಯ ಪಾತ್ರೆ ಬಿತ್ತು. ಅನ್ನ, ಸಾರು ಎಲ್ಲ ಬಂಡೆಯ ಮೇಲೆ ಹರಿಯಿತು.

"ಕೈಯಲ್ಲೇನು ಬೆಣ್ಣೆ ಹಚ್ಕೊಂಡಿದೀಯೇನೇ?" ಜಿನದಾಸ ಹಲ್ಲು ಕಚ್ಚಿದ.

ವಿಹಾರದ ನಾಯಿ ಓಡಿ ಬಂದು ನೆಕ್ಕಿತು. ನಾನು ನೀರು ತಂದು ಬಂಡೆ ತೊಳೆದು ಮುಗಿಸುವಷ್ಟರಲ್ಲಿ ನಾಯಿ ಕಾಲು ಸೋತು ಅಲ್ಲೇ ಮಲಗಿತು. ಉಸಿರಿತ್ತು, ಎಷ್ಟು ಕರೆದರೂ ಕಣ್ಣು ತೆರೆಯಲಿಲ್ಲ.

ಜಿನದಾಸ ಹೆಂಡತಿಯನ್ನೇ ನೋಡುತ್ತಿದ್ದ. ಕೆಳಗೆ ವ್ಯಾನಿನ ಹಾರ್ನ್ ಕೂಗಿತು.

ಸೀಲವತಿ ತನ್ನ ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದಳು. ಗದ್ದೆ ಕೆಲಸಕ್ಕೆಂದು ಕಟ್ಟಿಕೊಂಡಿದ್ದ ಕೆಂಪಕ್ಕಿ ಅನ್ನ, ಕಾಯಿ ಚಟ್ನಿ. ಗಂಡನ ಕಡೆ ತಿರುಗದೆ, ಎರಡೂ ಕೈಯಲ್ಲಿ ಹಿಡಿದು, ಅದನ್ನು ಹಾಮುದುರುಗಳ ಭಿಕ್ಷಾಪಾತ್ರೆಯಲ್ಲಿಟ್ಟಳು.