ನಲವತ್ತು ಸೈಕಲ್ಲಿಗೆ ಒಂದೇ ಪೂಜೆ

ಎರಡು ಸಾವಿರದ ಒಂದನೇ ಇಸವಿಯ ಶ್ರಾವಣದಲ್ಲಿ ಶ್ರೀಶೈಲ ನಮ್ಮ ಮನೆಗೆ ಬಂದ. ನಮ್ಮ ಮುನವಳ್ಳಿಯವನೇ, ಸವದತ್ತಿಯ ಕಚೇರಿಯೊಂದರಲ್ಲಿ ಗುಮಾಸ್ತ. ನಾನು ಹೆಣ್ಣುಮಕ್ಕಳ ಶಾಲೆಯಿಂದ ನಿವೃತ್ತಳಾದ ಮೇಲೆ, ಬದುಕಿದ್ದೇನೆಂದು ವರ್ಷಕ್ಕೊಮ್ಮೆ ಕೊಡಬೇಕಾದ ಪೆನ್ಶನ್ ಕಾಗದವನ್ನು ಅವನೇ ಮನೆಗೆ ತಂದು ಸಹಿ ಮಾಡಿಸಿಕೊಂಡು ಹೋಗುತ್ತಿದ್ದ. ನನ್ನನ್ನು ಒಂದು ಸಲವೂ ಸರದಿಯಲ್ಲಿ ನಿಲ್ಲಿಸಿದವನಲ್ಲ.

“ಅಕ್ಕೋರ, ನಡ್ಯಾಕ ಬಾರದವ್ರಿಗೆ ಸರಕಾರದಿಂದ ಮೂರು ಗಾಲಿ ಸೈಕಲ್ ನಲವತ್ತು ಬಂದಾವ್ರಿ. ಹಂಚೂದಕ್ಕ ಮೊದಲ ತಪಾಸಣಿ ಮಾಡಾಕ ಕಮಿಟಿ ಬೇಕು. ನಮ್ಮ ಸಾಹೇಬ್ರು, ಒಬ್ರು ಇಂಜಿನಿಯರ್ರು, ಸಾರ್ವಜನಿಕರೊಳಗ ಒಬ್ರು. ನಾ ನಿಮ್ಮ ಹೆಸರು ಹೇಳೇನಿ.”

“ನನಗ ಸೈಕಲ್ ಬಗ್ಗೆ ಏನ್ ತಿಳೀತೈತೋ?”

“ತಿಳಿಯೂದೇನೈತ್ರಿ ಅದರಾಗ? ಬಂದು ಆರತಿ ಮಾಡ್ರಿ, ಸಾಕು.”

ಗೋದಾಮಿನಲ್ಲಿ ಒಂದೇ ಸೈಕಲ್ಲನ್ನು ಬಿಚ್ಚಿ ನಿಲ್ಲಿಸಿದ್ದರು. ಹ್ಯಾಂಡಲಿಗೆ ಚೆಂಡುಹೂವಿನ ಮಾಲೆ, ಮೂರು ಗಾಲಿಗೂ ಅರಿಶಿನ ಕುಂಕುಮ. ಗಟ್ಟಿಮುಟ್ಟಾದ ಸೈಕಲ್ಲೇ. ಉಳಿದ ಮೂವತ್ತೊಂಬತ್ತು ಗೋಣಿತಟ್ಟು ಸುತ್ತಿಕೊಂಡು ಗೋಡೆಗೆ ಒರಗಿದ್ದವು. ನಾನು ಆರತಿ ಮಾಡಿದೆ. ಸಾಹೇಬರು ಕಾಯಿ ಒಡೆದರು. ಎಲ್ಲರಿಗೂ ಪೇಢೆ ಹಂಚಿದ ಮೇಲೆ ಶ್ರೀಶೈಲ ಕಾಗದ ಮುಂದಿಟ್ಟ.

“ನಲವತ್ತೂ ಸೈಕಲ್ಲುಗಳನ್ನು ಒಂದೊಂದಾಗಿ ಪರೀಕ್ಷಿಸಿದ್ದು, ಎಲ್ಲವೂ ಸುಸ್ಥಿತಿಯಲ್ಲಿವೆ” ಎಂದು ಬರೆದಿತ್ತು.

“ಉಳಿದವನ್ನ ಬಿಚ್ಚೂದಿಲ್ಲೇನೋ?” ಎಂದೆ.

“ಎಲ್ಲಾ ಒಂದ ನಮೂನಿ ಅದಾವ್ರಿ. ಬಿಚ್ಚಿದ್ರ ಬಣ್ಣಕ್ಕ ಗೀರು ಬೀಳತಾವು. ಪೂಜಿನೂ ಆತಲ್ರಿ!” ಎಂದು ನಕ್ಕ.

ಇಂಜಿನಿಯರರು ಆಗಲೇ ಸಹಿ ಮಾಡಿ ಪೆನ್ನಿನ ಮುಚ್ಚಳ ಹಾಕುತ್ತಿದ್ದರು. ಪೂಜೆಯಾದ ವಸ್ತುವನ್ನು ಮತ್ತೆ ಕೆದಕಿ ನೋಡುವುದೆಂದರೆ ನನಗೂ ಏನೋ ಸಂಕೋಚ. ಕಾಗದವನ್ನು ಎರಡು ಸಲ ಓದಿ, ಸಹಿ ಮಾಡಿದೆ. ಶ್ರೀಶೈಲ ಮುಂಚೆಯೇ ಹೋಗಿ ಬಸ್ಸಿನ ಕಿಟಕಿಯೊಳಗೆ ಕರವಸ್ತ್ರ ಹಾಕಿ ನನಗೊಂದು ಸೀಟು ಹಿಡಿದಿಟ್ಟಿದ್ದ.

ಆ ನಲವತ್ತರಲ್ಲಿ ಒಂದು ನಮ್ಮೂರ ನೀಲಾಳಿಗೆ ಬಂತು. ಪೋಲಿಯೋದಿಂದ ಎರಡೂ ಕಾಲು ಹೋದ ಹುಡುಗಿ. ಅವಳ ತಾಯಿ ಬಾಯವ್ವ ಅವಳನ್ನು ಬೆನ್ನ ಮೇಲೆ ಹೊತ್ತು ನನ್ನ ತರಗತಿಗೆ ತಂದು ಕೂರಿಸುತ್ತಿದ್ದಳು. ಈಗ ಇಪ್ಪತ್ನಾಲ್ಕರ ನೀಲಾಳಿಗೆ ಅಂಗವಿಕಲರ ಕೋಟಾದಲ್ಲಿ ಬಸ್ ನಿಲ್ದಾಣದ ಬಳಿ ಎಸ್‌ಟಿಡಿ ಬೂತ್ ಸಿಕ್ಕಿತ್ತು. ದಿನಾಲೂ ತೆರೆದಿರಬೇಕು, ಸತತ ಹದಿನೈದು ದಿನ ಮುಚ್ಚಿದರೆ ಬೂತು ಬೇರೆಯವರಿಗೆ ಎಂಬ ಷರತ್ತಿತ್ತು. ಮನೆಯಿಂದ ಬೂತಿಗೆ ಒಂದೂವರೆ ಮೈಲಿ. ಸೈಕಲ್ ಬಂದ ದಿನ ಅವಳು ನಮ್ಮ ಓಣಿಯಲ್ಲಿ ಎರಡು ಸುತ್ತು ಹಾಕಿ ಗಂಟೆ ಬಾರಿಸಿ ಹೋಗಿದ್ದಳು.

ಮೂರನೇ ತಿಂಗಳಲ್ಲಿ ಇಳಿಜಾರಿನಲ್ಲಿ ಮುಂದಿನ ಗಾಲಿಯನ್ನು ಹಿಡಿದಿದ್ದ ಕವಲು ಪೈಪು ಮುರಿಯಿತು. ನೀಲಾ ಮುಗ್ಗರಿಸಿ ಬಿದ್ದು ಮೊಣಕೈ, ಗಲ್ಲ ತರಚಿಕೊಂಡಳು. ವೆಲ್ಡಿಂಗ್ ಅಂಗಡಿಯ ದುರ್ಗಪ್ಪ ಎರಡು ಸಲ ಬೆಸೆದು ಕೊಟ್ಟ, ದುಡ್ಡು ಮುಟ್ಟಲಿಲ್ಲ. ಮೂರನೇ ಸಲ ಕೈಚೆಲ್ಲಿದ. “ಇದು ಪೈಪ್ ಅಲ್ಲವ್ವಾ, ತಗಡು ಸುತ್ತಿ ಬಣ್ಣಾ ಬಡದಾರ. ಬೆಂಕಿ ತೋರ್ಸಿದ್ರ ಸಾಕು, ತೂತು ಬೀಳತೈತಿ.”

ಬಾಯವ್ವ ಮತ್ತೆ ಮಗಳನ್ನು ಬೆನ್ನ ಮೇಲೆ ಹೊರತೊಡಗಿದಳು. ನೀಲಾ ಬೇರೆ ಸೈಕಲ್ಲಿಗೆ ಅರ್ಜಿ ಹಾಕಿದಳು. ಸಂಕ್ರಾಂತಿಯ ಮರುದಿನ ನಾನು ಬೂತಿಗೆ ಹೋದಾಗ ಉತ್ತರ ಬಂದಿತ್ತು. ಅವಳು ಫ್ಯಾನನ್ನು ನನ್ನ ಕಡೆ ತಿರುಗಿಸಿ, ಕಾಗದ ಕೈಗಿಟ್ಟಳು. ಸೈಕಲ್ ತಪಾಸಣೆಯಾದದ್ದು, ಮುರಿದದ್ದು ಬಳಸಿದವರ ತಪ್ಪು, ಐದು ವರ್ಷದವರೆಗೆ ಇನ್ನೊಂದು ಕೊಡಲು ಬಾರದು. ಜೊತೆಗೆ ತಪಾಸಣೆ ಪತ್ರದ ನಕಲು.

“ಮೂರನೇ ಸಹಿ ನಿಮ್ದಲ್ರಿ ಅಕ್ಕೋರ?” ಎಂದಳು. “ನಿಮ್ಮ ಅಕ್ಷರ ಬೋರ್ಡಿನ ಮ್ಯಾಲೆ ನೋಡಿ ನೋಡಿ ಬಲ್ಲೆ, ಗುರ್ತು ಹಿಡದ್ನಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

“ಹೌದವ್ವಾ. ನಾ ನೋಡಿದ್ದು ಒಂದ ಸೈಕಲ್.”

“ಅದನ್ನ ಬರದು ಕೊಡತೀರೇನ್ರಿ? ಅವ್ವನ ಮೊಣಕಾಲು ಬಾತಾವು. ಇನ್ನೊಂದು ತಿಂಗಳು ಹೊರಾಕ ಆಗೂದಿಲ್ಲ ಆಕಿಗೆ. ಬೂತು ಹೋದ್ರ ನಾ ಮತ್ತ ಮನ್ಯಾಗ ಕುಂದ್ರಬೇಕು.”

ಆ ಸಂಜೆಯೇ ಬರೆಯಲು ಕುಳಿತೆ. ಸುದ್ದಿ ಹೇಗೆ ಮುಟ್ಟಿತೋ, ಶ್ರೀಶೈಲ ಬಂದು ಹೊಸ್ತಿಲಲ್ಲೇ ನಿಂತ.

“ಅಕ್ಕೋರ, ನೀವು ಬರದ್ರ ಹೋಗೂದು ನನ್ನ ನೌಕರಿ. ಖರೀದಿ ಮಾಡಿದವ್ರು ಮ್ಯಾಲೆ ಕುಂತಾರ, ಅವ್ರಿಗೇನೂ ಆಗೂದಿಲ್ಲ. ಪತ್ರ ಟೈಪ್ ಮಾಡಿದಾಂವ ನಾನು.”

“ಸೈಕಲ್ ಹಂಗದಾವಂತ ನಿನಗ ಗೊತ್ತಿತ್ತೇನು?”

ಅವನು ಚಪ್ಪಲಿ ನೋಡುತ್ತ ನಿಂತ. “ಗೊತ್ತಿರಲಿಲ್ರಿ. ಬಿಚ್ಚಬ್ಯಾಡ ಅಂತ ಹೇಳಿದ್ರು, ಬಿಚ್ಚಲಿಲ್ಲ.”

“ನಾನೂ ಹಂಗ ಮಾಡಿದ್ನೆಪ್ಪಾ,” ಎಂದೆ. ಚಹಾ ಕುಡಿಯೆಂದರೆ ಬೇಡವೆಂದು ಹೋದ.

ಹಿಂದಿನ ಮಂಗಳವಾರ ನನಗೆ ಔಷಧ ತಂದುಕೊಟ್ಟದ್ದೂ ಅವನೇ. ಎರಡು ದಿನ ಪತ್ರ ಮೇಜಿನ ಮೇಲೆಯೇ ಇತ್ತು. ಮೂರನೇ ದಿನ ಬಾಯವ್ವ ನೀಲಾಳನ್ನು ಹೊತ್ತು ನಮ್ಮ ಮನೆಯ ಮುಂದೆ ಹಾದಳು. ಹತ್ತು ಹೆಜ್ಜೆಗೊಮ್ಮೆ ಗೋಡೆ ಹಿಡಿದು ನಿಲ್ಲುತ್ತಿದ್ದಳು. ನಾನು ಅಂಚೆ ಕಚೇರಿಗೆ ಹೋಗಿ ಪತ್ರವನ್ನು ರಿಜಿಸ್ಟರ್ ಮಾಡಿಸಿದೆ.

ವಿಚಾರಣೆಗೆ ಬೈಲಹೊಂಗಲಕ್ಕೆ ಕರೆದರು. ಮೇಲಧಿಕಾರಿ ಚಿಕ್ಕ ವಯಸ್ಸಿನವರು. ನಾನು ಬಂದೊಡನೆ ಎದ್ದು ಕುರ್ಚಿ ಎಳೆದು ಕೊಟ್ಟರು.

“ಕಾಗದ ಓದದೆ ಸಹಿ ಮಾಡಿಬಿಟ್ಟಿರೇನೋ, ಅಮ್ಮಾ?” ಎಂದು ಮೆತ್ತಗೆ ಕೇಳಿದರು. ನನಗೊಂದು ದಾರಿ ಬಿಡುತ್ತಿದ್ದಾರೆಂದು ತಿಳಿಯಿತು.

“ಇಲ್ಲ. ಎರಡು ಸಲ ಓದಿದೆ. ಸುಳ್ಳೆಂದು ಗೊತ್ತಿದ್ದೂ ಮಾಡಿದೆ.”

ಅವರು ಬರೆದುಕೊಂಡರು.

ಮೂರು ವಾರಕ್ಕೆ ಆದೇಶ ಬಂತು. ಶ್ರೀಶೈಲ ಅಮಾನತು. ಸಾಹೇಬರಿಗೆ ವರ್ಗ. ಇಂಜಿನಿಯರರ ಮಾತೇ ಇಲ್ಲ, ಮಾಲು ಕೊಟ್ಟವನ ಮಾತೂ ಇಲ್ಲ. ಸೈಕಲ್ಲುಗಳನ್ನು ಸಾಕ್ಷಿಗೆಂದು ವಾಪಸು ಒಯ್ಯಬೇಕು, ವಿಚಾರಣೆ ಮುಗಿದ ಮೇಲೆ ಹೊಸವು. ಲಾರಿ ಬಂದು ನೀಲಾಳ ಮುರಿದ ಸೈಕಲ್ಲನ್ನು ಒಯ್ದಿತು. ಪಕ್ಕದೂರಿನ ಮುದುಕ ಸೋಮಪ್ಪನದು ಹೇಗೋ ಓಡುತ್ತಿತ್ತು, ಅದನ್ನೂ ಒಯ್ದಿತು. ಅವನು ಲಾರಿಯ ಹಿಂದೆ ಅಂಗೈ ಊರಿ ತೆವಳುತ್ತ ಬಂದನೆಂದು ಕೇಳಿದೆ. ಅದೂ ನನ್ನ ಪತ್ರದಿಂದಲೇ.

ಅದೇ ವಾರ ಬಾಯವ್ವ ಹಾಸಿಗೆ ಹಿಡಿದಳು. ಬೂತಿಗೆ ಬೀಗ ಬಿತ್ತು. ಭಾರತ ಹುಣ್ಣಿಮೆಯ ಜಾತ್ರೆಗೆ ಬಾಡಿಗೆ ಹಿಡಿದು ಆಟೋಗಳೆಲ್ಲ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದವು. ನಾನು ಕೇಳಿದವರೆಲ್ಲ ನಾಳೆ ಎಂದರು. ನೀಲಾ ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗೆರೆ ಎಳೆಯುತ್ತಿದ್ದಳು. ಹನ್ನೆರಡು ಗೆರೆಗಳಾದವು.

ಹದಿಮೂರನೇ ದಿನ ನಾನು ಅವಳ ಮನೆಗೆ ಹೊರಟಾಗ ದಾರಿಯಲ್ಲಿ ಒಂದು ಕೈಗಾಡಿ ಎದುರಾಯಿತು, ಕಾಯಿಪಲ್ಲೆ ಮಾರುವ ಗಾಡಿ. ಮೇಲೆ ಗೋಣಿತಟ್ಟು ಹಾಸಿ ನೀಲಾ ಕುಳಿತಿದ್ದಳು. ತಳ್ಳುತ್ತಿದ್ದವನು ಶ್ರೀಶೈಲ.

“ಶ್ರೀಶೈಲಾ, ಬದನಿಕಾಯಿ ಹೆಂಗ?” ಎಂದು ಯಾರೋ ಕಟ್ಟೆಯಿಂದ ಕೂಗಿದರು.

“ಮಾರಾಕಿಲ್ಲೋ, ಇದು ಸರಕಾರಿ ಮಾಲು,” ಎಂದು ನೀಲಾಳೇ ತಿರುಗಿ ಕೂಗಿದಳು.

ನಾನು ಪಕ್ಕದಲ್ಲಿ ನಡೆದೆ. “ಶ್ರೀಶೈಲ...” ಎಂದೆ.

“ಮುಂಜಾನೆ ಹತ್ತಕ್ಕ ಈಗ ನನಗ ಆಫೀಸಿಲ್ಲಲ್ರಿ,” ಎಂದ ಅವನು, ಗಾಡಿಯನ್ನೇ ನೋಡುತ್ತ. ಅಕ್ಕೋರ ಎನ್ನಲಿಲ್ಲ.

ನೀಲಾ ನನ್ನ ಕಡೆ ಬಾಗಿ ಪಿಸುಗುಟ್ಟಿದಳು. “ಮಾತಾಡಸಬ್ಯಾಡ್ರಿ. ನಿಮ್ಮ ಮ್ಯಾಲೆ ಭಾಳ ಸಿಟ್ಟಿನ್ಯಾಗ ಅದಾರ. ನಿನ್ನಿ ಬಂದು, ‘ನಂದಂತೂ ಹೋತು, ನಿಂದ್ಯಾಕ ಹೋಗ್ಬೇಕು’ ಅಂದ್ರು.”

ಬೂತಿನ ಬಾಗಿಲು ತೆರೆಯಿತು. ನೀಲಾ ಕುರ್ಚಿಗೆ ಸರಿದು ಫೋನಿನ ಧೂಳು ಒರೆಸಿದಳು. ಮೊದಲ ಗಿರಾಕಿ ನಾನೇ. ಬೈಲಹೊಂಗಲದ ಆ ಕಚೇರಿಯ ನಂಬರು ಹಚ್ಚಲು ಹೇಳಿದೆ.

“ಮೂರು ಗಾಲಿ ಸೈಕಲ್ಲಿನ ಪ್ರಕರಣ,” ಎಂದೆ. “ಸಹಿ ಮಾಡಿದವರು ಮೂವರು, ಅದರಲ್ಲಿ ನಾನೂ ಒಬ್ಬಳು. ಮಾಲು ಕೊಟ್ಟವನು ಇನ್ನೊಬ್ಬ. ಶಿಕ್ಷೆ ಗುಮಾಸ್ತನಿಗೆ ಮಾತ್ರ ಯಾಕೆ? ಹೊಸ ಸೈಕಲ್ ಎಂದು ಬರುತ್ತವೆ?”

“ಫೈಲು ಮೇಲೆ ಹೋಗೇದ್ರಿ. ಮುಂದಿನ ತಿಂಗಳು ಕೇಳ್ರಿ,” ಎಂದಿತು ಆ ಕಡೆಯ ದನಿ.

“ನಾಳಿ ಕೇಳ್ತೇನಿ,” ಎಂದು ಫೋನ್ ಇಟ್ಟೆ.

“ಹತ್ತರ ಮ್ಯಾಲೆ ಬರ್ರಿ ಅಕ್ಕೋರ,” ಎಂದಳು ನೀಲಾ. “ಅಷ್ಟೊತ್ತಿಗೆ ಬಾಗಿಲಾ ತಗದಿರತೇನಿ.”

ಹೊರಗೆ ಶ್ರೀಶೈಲ ಗೋಣಿತಟ್ಟು ಕೊಡವಿ ಮಡಚಿಟ್ಟ. ನನ್ನತ್ತ ತಿರುಗದೆ ಗಾಡಿ ತಳ್ಳಿಕೊಂಡು ಹೊರಟ.