ಅಂಗಳಕ್ಕೆ ಬಂದ ಗುಡ್ಡೆಯ ಮಣ್ಣು

ಮಳೆಗಾಲ ಮುಗಿದ ಮೇಲೆ ಅಂಗಳ ಮಾಡಲು ಒಳ್ಳೆಯ ಮಣ್ಣು ಸಿಗುವುದು ಈಗ ಸುಲಭವಲ್ಲ. ಅಂಕೋಲೆಯ ಅಂಚಿನ ಕೇರಿಯ ಕಲಾವತಿಗೂ ಅದೇ ಚಿಂತೆ. ಗಂಡ ತೀರಿಕೊಂಡ ವರ್ಷ ಮನೆಯಲ್ಲಿ ಹಬ್ಬವಿರಲಿಲ್ಲ. ಈ ಸಲ ತುಳಸಿ ಹಬ್ಬಕ್ಕೆ ಅಂಗಳ ಅವರಿದ್ದಾಗಿನ ಹಾಗೆಯೇ ಇರಬೇಕೆಂದು ಅವಳ ಆಸೆ. ಮಗಳು ಮನಿಷಾ ಬೇರೆ ಬಿಣಗಾದ ಗಂಡನ ಮನೆಯಿಂದ ಹೆರಿಗೆಗೆ ಬಂದಿದ್ದಳು.

ಮೈದುನ ಸುಬ್ಬ ತನ್ನ ಟೆಂಪೊದಲ್ಲಿ ಮಣ್ಣು ತಂದು ಸುರಿದ. ಬೆಣ್ಣೆಯಂತೆ ಬೆರಳಿಗೆ ಅಂಟುವ ಮಣ್ಣು. ಬಡಿದು ಸಗಣಿ ಸಾರಿಸಿದರೆ ಎಲ್ಲಿಯೂ ಒಂದು ಬಿರುಕಿಲ್ಲ.

"ಎಲ್ಲಿಂದ ತಂದ್ಯೋ?"

"ನಮ್ ಕೇರಿ ಹಿಂದಿನ ಆ ಹಳೇ ಕಸದ ಗುಡ್ಡೆ ಮೇಲಿಂದ. ಪುರಸಭೆಯವ್ರು ಅದನ್ನ ಮುಚ್ಚುವಾಗ ಕಂಬಳಿ ಹೊದಿಸ್ದಂಗೆ ಹೊದಿಸಿಟ್ಟಿದ್ರು. ಕಸಕ್ಕೆ ಎಂತಕ್ಕೆ ಅತ್ಗೆ ಇಷ್ಟು ಚಂದ ಮಣ್ಣು? ಅದೇನು ಮದ್ವೆ ಹೆಣ್ಣಾ?"

ಕಲಾವತಿ ನಕ್ಕಳು. ಬಹಳ ದಿನಗಳ ಮೇಲೆ ನಕ್ಕಿದ್ದಳು.

ಮರುದಿನವೇ ಅಕಾಲದ ಮಳೆ ಹಿಡಿಯಿತು. ಮಳೆ ಬಿಟ್ಟ ಬೆಳಿಗ್ಗೆ ಪಕ್ಕದ ಮನೆಯ ವೈಜಯಂತಿ ಕೈಯಲ್ಲಿ ಬಾಟಲಿ ಹಿಡಿದು ಬಂದಳು. ಅವಳು ಪುರಸಭೆಯ ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡುವವಳು.

"ಅಕ್ಕ, ನಿಮ್ ಬಾವಿ ನೀರು ಬೇಕಿತ್ತು, ಪರೀಕ್ಷೆಗೆ. ಗುಡ್ಡೆ ಮೇಲೆ ಯಾರೋ ಮಣ್ಣು ಬಗೆದಾರೆ. ಬುಡದಲ್ಲಿ ಚಾ ಬಣ್ಣದ ನೀರು ಒಸರ್ತಾ ಅದೆ."

ಹೇಳುತ್ತಲೇ ಅವಳ ಕಣ್ಣು ಅಂಗಳದ ಮೇಲೆ ಬಿತ್ತು. ಕಲಾವತಿ ಜಗಲಿಯಲ್ಲಿ ಕೂತಿದ್ದ ಸುಬ್ಬನ ಕಡೆ ತಿರುಗಿದಳು.

ಸುಬ್ಬ ಬಿಡಲಿಲ್ಲ. "ಕಸ ಸತ್ತು ಎಷ್ಟು ವರ್ಷ ಆಯ್ತು! ಸತ್ತದ್ದಕ್ಕೂ ನಾಡಿ ಹಿಡಿದು ನೋಡ್ತ್ರ್ಯಾ?"

"ಸತ್ತಿಲ್ಲ ಸುಬ್ಬಣ್ಣ, ಒಳಗೆ ಇನ್ನೂ ಕೊಳೀತಾ ಅದೆ. ಮೇಲಿಂದ ಮಳೆ ಇಳಿದ್ರೆ ಬ್ಯಾಟರಿ, ಬಣ್ಣ, ಔಷಧಿ ಎಲ್ಲದರ ವಿಷ ತೊಳ್ಕಂಡು ನೆಲಕ್ಕೆ ಹೋಗ್ತದೆ. ಈಗ ಹೊಸದಾಗಿ ಮಾಡೂದಾದ್ರೆ ತಳಕ್ಕೆ ದಪ್ಪ ಹಾಳೆ ಹಾಸಿ, ಕೊಳೆನೀರು ಹಿಡೂಕೆ ಪೈಪು ಇಡ್ತಾರೆ. ಈ ಹಳೇದಕ್ಕೆ ತಳದಲ್ಲಿ ಎಂತದೂ ಇಲ್ಲ. ಮೇಲಿನ ಮಣ್ಣೊಂದೇ ಕೊಡೆ."

"ಇದು ಅವರು ನಿಂತು ತೋಡಿಸಿದ ಬಾವಿ," ಎಂದಳು ಕಲಾವತಿ. "ಗಂಗೆ ಪೂಜೆ ಮಾಡಿದ ನೀರು. ನೋಡು, ಕನ್ನಡಿ ಹಂಗೆ ಅದೆ. ಬೇಕಾದ್ರೆ ಕುದಿಸಿ ಕೊಡ್ತೆ ಮಗಳಿಗೆ."

"ಕುದಿಸಿದ್ರೆ ಕ್ರಿಮಿ ಸಾಯ್ತದೆ ಅಕ್ಕ, ಈ ವಿಷ ಹೋಗೂದಿಲ್ಲ. ಕಣ್ಣಿಗೂ ಕಾಣೂದಿಲ್ಲ. ವರದಿ ಬರೋತನ್ಕ ಅವಳಿಗೆ ನಳದ ನೀರೇ ಕೊಡಿ."

ಬಾಗಿಲಲ್ಲಿ ನಿಂತಿದ್ದ ಮನಿಷಾ ತುಟಿಗಿಟ್ಟ ಲೋಟವನ್ನು ಹಾಗೆಯೇ ಇಳಿಸಿದಳು.

ವೈಜಯಂತಿ ಮೆತ್ತಗೆ ಕೇಳಿದಳು: "ಅಷ್ಟು ಮಳೆ ಬಂತಲ್ಲ, ನಿಮ್ ಅಂಗಳದೊಳಗೆ ನೀರು ಇಳೀತಾ?"

ಇಳಿದಿರಲಿಲ್ಲ. ಮೇಲಿಂದಲೇ ಹರಿದು ಗಟಾರ ಸೇರಿತ್ತು. ಗುಡ್ಡೆಯ ಮೇಲಿದ್ದಾಗಲೂ ಈ ಮಣ್ಣು ಹೀಗೆಯೇ ಮಳೆಯನ್ನು ತಡೆದಿತ್ತೆಂದು ಕಲಾವತಿಗೆ ಹೊಳೆಯಿತು.

ಆಮೇಲಿನ ದಿನಗಳಲ್ಲಿ ಅವಳಿಗೆ ಅನ್ನ ಸೇರಲಿಲ್ಲ. ತಾನೇ ಬಾವಿಯಿಂದ ಸೇದಿ ಮಗಳಿಗೆ ಕುಡಿಸಿದ ಕೊಡಗಳು ಕಣ್ಣ ಮುಂದೆ ಬರುತ್ತಿದ್ದವು. ತುಳಸಿಯ ಮುಂದೆ ದೀಪವಿಟ್ಟರೆ ಬೇಡಿಕೊಳ್ಳಲು ಬಾಯಿ ಬರುತ್ತಿರಲಿಲ್ಲ.

ಹಬ್ಬದ ದಿನ ಬೆಳಿಗ್ಗೆ ಸುಬ್ಬ ಬಂದಾಗ ಅವಳು ಗುದ್ದಲಿ ಹಿಡಿದು ಅಂಗಳ ಅಗೆಯುತ್ತಿದ್ದಳು.

"ಎಂತಾ ಮಾಡ್ತಾ ಇದ್ದೆ ಅತ್ಗೆ! ಇವತ್ತು ಹಬ್ಬ! ವರದಿ ಆದ್ರೂ ಬರಲಿ."

"ವರದಿ ಬರೋತನ್ಕ ಮಳೆ ಕಾಯ್ತದಾ? ಅವರಿದ್ರೆ ಮೊದ್ಲು ಗುದ್ದಲಿ ಅವರೇ ಹಿಡೀತಿದ್ರು. ಟೆಂಪೊ ತಕ್ಕಂಡು ಬಾ."

ಸುಬ್ಬ ಹೋಗಿ ಟೆಂಪೊ ತಂದ. ಮಣ್ಣು ಗುಡ್ಡೆಗೆ ಮರಳಿತು. ಸುಮ್ಮನೆ ಸುರಿದರೆ ಸಾಲದೆಂದು ವೈಜಯಂತಿ ಪುರಸಭೆಯ ಎಂಜಿನಿಯರರನ್ನು ಕರೆಸಿದಳು. ಅವರು ಮರುದಿನದಿಂದ ಇನ್ನಷ್ಟು ಮಣ್ಣು ತರಿಸಿ, ನೀರು ನಿಲ್ಲದಂತೆ ಇಳಿಜಾರು ಮಾಡಿ, ಒತ್ತಿ ಕೂರಿಸಿದರು. ಇತ್ತ ಹಬ್ಬದ ಸಂಜೆ ಕಬ್ಬು, ನೆಲ್ಲಿಯ ಟೊಂಗೆ ನೆಟ್ಟು, ಅಗೆದ ನೆಲದ ಮೇಲೆಯೇ ತುಳಸಿಗೆ ಪೂಜೆಯಾಯಿತು. ರಂಗೋಲಿ ನಿಲ್ಲಲಿಲ್ಲ. ಆದರೆ ಕಲಾವತಿ ಕೈ ಮುಗಿದು ಮಗಳಿಗಾಗಿ ಬಾಯಿಬಿಟ್ಟು ಬೇಡಿಕೊಂಡಳು.

ವರದಿ ಆಮೇಲೆ ಬಂತು. ಗುಡ್ಡೆಯ ಬದಿಗೆ, ನೆಲದಡಿಯ ನೀರು ನೋಡಲೆಂದೇ ಪುರಸಭೆಯವರು ಇಳಿಸಿ ಬೀಗ ಹಾಕಿಟ್ಟಿದ್ದ ಪರೀಕ್ಷೆಯ ಕೊಳವೆಯಲ್ಲಿ ನೀರು ಕೆಟ್ಟಿತ್ತು. ಕಲಾವತಿಯ ಬಾವಿ ಈಗಿನ ಮಟ್ಟಿಗೆ ಒಳ್ಳೆಯದಿತ್ತು.

"ಈಗಿನ ಮಟ್ಟಿಗೆ ಅಂದ್ರೆ?"

"ನೆಲದೊಳಗೆ ವಿಷ ನಿಧಾನ ನಡೀತದೆ ಅಕ್ಕ. ಮತ್ತೆ ಮತ್ತೆ ನೋಡ್ತಾ ಇರ್ಬೇಕು."

"ಹಂಗಾದ್ರೆ ನೀನು ಮರೆತ್ರೂ ನಾನೇ ಬಾಟ್ಲಿ ತಕ್ಕಂಡು ಬತ್ತೆ," ಎಂದಳು ಕಲಾವತಿ.

ಓದುವ ತಾಯಂದಿರೇ, ಅಣ್ಣಂದಿರೇ, ಇಂಥ ಗುಡ್ಡೆ ನಿಮ್ಮೂರಿನ ಬದಿಗೂ ಇರಬಹುದು. ಅದರ ಮಣ್ಣನ್ನು ಮುಟ್ಟಬೇಡಿ, ಅಗೆಯುವವರನ್ನು ತಡೆಯಿರಿ. ಪರೀಕ್ಷೆಯ ಕೊಳವೆಗೆ ಕಲ್ಲು ತುಂಬಬೇಡಿ. ಬುಡದಲ್ಲಿ ಬಣ್ಣದ ನೀರು ಕಂಡರೆ ಅಂದೇ ಪುರಸಭೆಗೋ ಪಂಚಾಯತಿಗೋ ತಿಳಿಸಿ. ಮಳೆಗಾಲದ ಮೊದಲೂ ಆಮೇಲೂ ಬಾವಿಯ ನೀರು ಪರೀಕ್ಷೆ ಮಾಡಿಸಿ, ವರದಿ ಕೇಳಿ ಪಡೆಯಿರಿ. ಮನೆಯ ಹಸಿ ಕಸ, ಒಣ ಕಸ, ಬ್ಯಾಟರಿ, ಔಷಧಿ ಬೇರೆ ಬೇರೆ ಕೊಟ್ಟರೆ ಮುಂದಿನ ಗುಡ್ಡೆಯಾದರೂ ಸಣ್ಣದಾದೀತು. ದೀಪ ಹಚ್ಚಿ ಮಕ್ಕಳ ಆರೋಗ್ಯವನ್ನು ದೇವರಲ್ಲಿ ಬೇಡುತ್ತೇವೆ. ಅವರು ಕುಡಿಯುವ ನೀರನ್ನು ಕಾಯುವ ಕೆಲಸವನ್ನು ದೇವರು ನಮಗೇ ಬಿಟ್ಟಿದ್ದಾನೆ.